ಒಟೀಲಿಯಾಳ ಅಕ್ಕ ಬಂದ ದಿನ

ವಾಲ್ಪರೈಸೊದಲ್ಲಿ ನಮ್ಮ ಗುಡ್ಡಕ್ಕೆ ಹತ್ತುವ ಹಳೆಯ ಹಳಿಗಾಡಿಯ ಮೋಟಾರು ನಡೆಸುವವನು ನಾನು. ಗಾಡಿಗಳು ಎರಡು, ಉಕ್ಕಿನ ಹಗ್ಗ ಒಂದೇ. ಒಂದು ಇಳಿದರೆ ಇನ್ನೊಂದು ಏರಲೇಬೇಕು. ಕೆಳಗೆ ಬಂದರಿನ ಬೀದಿಯಲ್ಲಿ ನೊಲ್ಬೆರ್ತೊ ಗಂಟೆ ಬಾರಿಸುತ್ತಾನೆ, ಮೇಲೆ ನಾನು ಹಿಡಿಕೆ ತಿರುಗಿಸುತ್ತೇನೆ.

ಆ ಮಧ್ಯಾಹ್ನ ನೀಲಿ ತಗಡಿನ ಮನೆಯ ಒಟೀಲಿಯಾ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅವಳ ಅಕ್ಕ ಎರ್ಮೀನಿಯಾ ಹತ್ತೊಂಬತ್ತು ವರ್ಷದ ಮೇಲೆ ದಕ್ಷಿಣದಿಂದ ಬರುವವಳಿದ್ದಳು.

“ಬೇಗ ಇಳಿಸಪ್ಪ, ಅವಳಿಗೆ ದಾರಿ ಗೊತ್ತಾಗಲ್ಲ.”

ಇಳಿಸಿದೆ. ಏರಿಬಂದ ಗಾಡಿಯಲ್ಲಿ ನೆರೆತ ಕೂದಲಿನ ಒಬ್ಬಳೇ ಹೆಂಗಸು. ಬಾಗಿಲಲ್ಲೇ ನಿಂತು ಕೇಳಿದಳು: “ಎದುರು ಗಾಡೀಲಿ ಹೋದವಳು ಒಟೀಲಿಯಾನಾ? ನನ್ನ ತಂಗಿಗೆ ಕಪ್ಪು ಜಡೆ ಇತ್ತಲ್ಲ!”

“ಅವಳೇ. ನಿಮ್ಮನ್ನ ಕರ್ಕೊಂಡು ಬರೋಕೇ ಹೋದ್ಲು.”

“ಹಾಗಾದ್ರೆ ನಾನೂ ಇಳೀತೀನಿ,” ಎಂದು ಬಾಗಿಲೆಳೆದುಕೊಂಡಳು. ಕೆಳಗಿನಿಂದ ಗಂಟೆ ಕೇಳಿಸಿತು. ತಂಗಿ ಕೆಳಗೇ ಕಾಯುತ್ತಾಳೆಂದುಕೊಂಡು ನಾನು ಹಿಡಿಕೆ ತಿರುಗಿಸಿದೆ. ಗಾಡಿಗಳು ನಡುದಾರಿಯಲ್ಲಿ ಎದುರಾದಾಗ ನೋಡುತ್ತೇನೆ, ಎರಡರಲ್ಲೂ ಒಬ್ಬೊಬ್ಬ ಹೆಂಗಸು ಗಾಜು ಬಡಿಯುತ್ತಿದ್ದಾಳೆ! ಒಬ್ಬಳು ಮೇಲಕ್ಕೆ ಬೆರಳು ತೋರಿಸಿದರೆ ಇನ್ನೊಬ್ಬಳು ಕೆಳಕ್ಕೆ.

ಮೇಲೆ ಬಂದ ಗಾಡಿಯಿಂದ ಒಟೀಲಿಯಾ ಬಿಳಿಚಿಕೊಂಡು ಇಳಿದಳು. “ಅದ್ರಲ್ಲಿ ನಮ್ಮಮ್ಮ ಕೂತಿದ್ಲು!”

“ನಿಮ್ಮಮ್ಮ ತೀರ್ಕೊಂಡು ಹನ್ನೊಂದು ವರ್ಷ ಆಯ್ತಲ್ಲೇ.”

“ನಂಗೊತ್ತಿಲ್ವಾ? ಆದ್ರೂ ಅದೇ ಮೂಗು, ಅದೇ ಸಿಟ್ಟು!”

“ನಿಮ್ಮಕ್ಕ ಅವಳು. ಈ ಬೆಂಚು ಬಿಟ್ಟು ಅಲ್ಲಾಡ್ಬೇಡ,” ಎಂದು ಗದರಿಸಿ ಕೆಳಗೆ ಫೋನು ಮಾಡಿದೆ. “ನೊಲ್ಬೆರ್ತೊ, ಆ ಹೆಂಗಸನ್ನ ಮೇಲಕ್ಕೆ ಕಳ್ಸು.”

“ಎಲ್ಲಿ ಕಳ್ಸೋದು? ಈ ಗಾಡಿ ನಂಬಿದ್ರೆ ಕೆಟ್ಟೆ ಅಂತ ಬೈಕೊಂಡು ಹಳಿ ಪಕ್ಕದ ಮೆಟ್ಲು ಹತ್ತಿದ್ಲು.”

ತಿರುಗಿ ನೋಡಿದರೆ ಬೆಂಚು ಖಾಲಿ. ಒಟೀಲಿಯಾ ಮೆಟ್ಟಿಲಿಳಿದು ಹೋಗಿದ್ದಳು. ನನಗಂತೂ ತಲೆ ಕೆಟ್ಟು ಹೋಯಿತು. ಮೆಟ್ಟಿಲ ದಾರಿ ಒಂದೇ ಎಂಬುದಷ್ಟೇ ಸಮಾಧಾನ. ಕಿಟಕಿಯಿಂದ ಬಗ್ಗಿ ನೋಡಿದೆ. ತಿರುವಿನಲ್ಲಿ ಇಬ್ಬರೂ ಮೂರು ಮೆಟ್ಟಿಲ ಅಂತರದಲ್ಲಿ ಏದುಸಿರು ಬಿಡುತ್ತಾ ನಿಂತಿದ್ದರು. ಯಾರೂ ಮುಂದೆ ಬರಲೊಲ್ಲರು.

“ಒಟೀಲಿಯಾನೇನೇ?”

“ಮೊದ್ಲು ನೀನು ಹೇಳು. ಅಕ್ಕನಾ?”

“ಇನ್ಯಾರೇ? ನಂಗಿಂತ ನೀನೇ ಮುದುಕಿ ಆಗಿದೀಯಲ್ಲ!”

ಆ ಬೈಗುಳ ಕೇಳಿದ ಮೇಲೆಯೇ ಒಟೀಲಿಯಾ ಎರಡು ಮೆಟ್ಟಿಲು ಹಾರಿ ಅಕ್ಕನನ್ನು ತಬ್ಬಿಕೊಂಡಳು.

ಕೈಹಿಡಿದು ಮೇಲೆ ಬಂದಾಗ ಒಟೀಲಿಯಾ, “ನಿನ್ನ ಗಾಡಿ ಸಹವಾಸವೇ ಬೇಡ ಮಾರಾಯ,” ಎಂದಳು. ಎರ್ಮೀನಿಯಾ ನನ್ನತ್ತ ನೋಡಲೂ ಇಲ್ಲ. ನಡೆಯುತ್ತಲೇ ತಂಗಿಯ ಮುಖವನ್ನು ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದಳು, ಇನ್ನೂ ನಂಬಿಕೆ ಬಾರದವಳಂತೆ.