ಅಂಟಿಸಿದ ಮೀಸೆಯ ಮಾತು

ಬನವಾಸಿ ಕಡೆಯ ನಮ್ಮೂರಿನ ಮೇಲಿನ ಕೇರಿಗೆ ಇನ್ನೂ ನಲ್ಲಿ ಇಲ್ಲ. ಬೆಳಗಾದರೆ ಹೆಂಗಸರು ಕೊಡ ಹಿಡಿದು ದಿಬ್ಬ ಇಳಿದು ಕೆಳಗಿನ ಬೋರಿಗೆ ಬರಬೇಕು. ಅಂಥವರಲ್ಲಿ ನೀಲಗಂಗವ್ವನೂ ಒಬ್ಬಳು. ನೀರು ತಂದು, ರೊಟ್ಟಿ ಬಡಿದು, ಗಂಡ ಕಲ್ಲಯ್ಯನನ್ನು ಅನಾನಸ್ ಹೊಲಕ್ಕೆ ಕಳಿಸಿ, ಆಮೇಲೆ ಅವಳಿಗೆ ಹೆಂಗಸರ ಸಂಘದ ಕೆಲಸ. ಈ ಸಲ ಪಂಚಾಯ್ತಿ ಸೀಟು ಹೆಂಗಸರಿಗೆ ಬಂದಾಗ ಸಂಘದವರೇ ಅವಳನ್ನು ನಿಲ್ಲಿಸಿದರು. ಗೆದ್ದರೆ ಮೊದಲು ಮೇಲಿನ ಕೇರಿಗೆ ಪೈಪು ತರುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ಎದುರು ನಿಂತವಳು ಗುತ್ತಿಗೆದಾರ ಬಸವರಾಜನ ಹೆಂಡತಿ.

ಕಲ್ಲಯ್ಯ ನಗಿಸುವ ಮನುಷ್ಯ. ಹಿಂದಿನ ಬೇಸಿಗೆಯಲ್ಲಿ ಮಗ ಭರತ್ ಊರಿನವರನ್ನೇ ಹಾಕಿಕೊಂಡು ಮೊಬೈಲಿನಲ್ಲಿ ಸಣ್ಣ ಸಿನಿಮಾ ತೆಗೆದಿದ್ದ. ಓಟು ಕೊಳ್ಳುವ ಪುಢಾರಿಯನ್ನು ಗೇಲಿ ಮಾಡುವ ಸಿನಿಮಾ. ಪುಢಾರಿಯ ಪಾತ್ರ ಕಲ್ಲಯ್ಯನದು. ದಪ್ಪ ಮೀಸೆ ಅಂಟಿಸಿಕೊಂಡು ಅವನು ಹೇಳುತ್ತಾನೆ: "ಹೆಂಗಸರ ಓಟು ಏನ್ ದೊಡ್ಡದಲೇ? ಒಂದ್ ಕುಕ್ಕರ್ ಕೊಡ್ರಿ. ಅದು ಐದು ವರ್ಷ ಸೀಟಿ ಹೊಡಿತೈತಿ, ಇವ್ರು ಬಾಯಿ ಮುಚ್ಚಕೊಂಡು ಕುಂದರ್ತಾರ." ಮರುಕ್ಷಣವೇ ಹೆಂಗಸರು ಬಂದು ಅವನ ತಲೆಯ ಮೇಲೆ ಮುಸುರೆ ನೀರು ಸುರಿಯುತ್ತಾರೆ. ಶಾಲೆಯ ಬಯಲಿನಲ್ಲಿ ಪರದೆ ಕಟ್ಟಿ ತೋರಿಸಿದಾಗ ಊರಿಗೆ ಊರೇ ಕೂತು ನಕ್ಕಿತ್ತು. ಕಲ್ಲಯ್ಯನ ಅಕ್ಕ ಮುರಿಗೆವ್ವನಂತೂ ಮುಂದೆಯೇ ಕೂತು, ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು.

ಓಟು ಹತ್ತಿರ ಬಂದಾಗ ಆ ಮಾತೊಂದೇ ಎಲ್ಲರ ಮೊಬೈಲಿಗೆ ಬಂತು. ಮುಸುರೆ ನೀರಿಲ್ಲ, ಹಿಂದುಮುಂದಿನ ಏನೂ ಇಲ್ಲ. ಮೇಲೆ ಕೆಂಪಕ್ಷರದಲ್ಲಿ "ಗುಪ್ತ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದ ನೀಲಗಂಗವ್ವನ ಗಂಡ" ಎಂದಿತ್ತು. ಕತ್ತರಿಸಿದವರು ಬಸವರಾಜನ ಕಡೆಯ ಹುಡುಗರು. ಆದರೆ ಮನೆಮನೆಗೆ ಮುಟ್ಟಿಸಿದವರು ನಮ್ಮವರೇ, ಬಯಲಿನಲ್ಲಿ ಕೂತು ನಕ್ಕವರೇ.

ಸಂಘದ ಹೆಂಗಸರು ನೀಲಗಂಗವ್ವನ ಜೊತೆ ಓಟು ಕೇಳಲು ಬರುವುದನ್ನು ಬಿಟ್ಟರು. ಮುರಿಗೆವ್ವ ತಮ್ಮನ ಮನೆಗೆ ಬಂದವಳು ಒಳಗೆ ಬರಲಿಲ್ಲ. ಕಟ್ಟೆಯ ಮೇಲೆ ಕೂತು ಶುರು ಮಾಡಿದಳು.

"ಹೆಂಗಸರು ಅಂದ್ರ ಕುಕ್ಕರಿಗೆ ಬೀಳೋರೇನಲೇ ಕಲ್ಲಯ್ಯಾ?"

"ಅಕ್ಕಾ, ಅದು ಸಿನಿಮಾದಾಗಿನ ಮಾತು. ನೀನ ಮುಂದ ಕುಂತು ನೋಡಿಯಲ್ಲ."

"ನೋಡೇನಿ. ಆದ್ರ ಇದು ಮೊಬೈಲ್‌ನ್ಯಾಗ ಬಂದೈತಿ."

"ಎರಡೂ ಒಂದ ಐತಿ. ಮೀಸಿ ನೋಡು, ಅಂಟಿಸಿದ್ದು. ನನಗೆಲ್ಲೈತಿ ಮೀಸಿ?"

"ಮೀಸಿ ಅಂಟಿಸಿದ್ದು ಇರಬಹುದು. ಬಾಯಿ ನಿಂದ ಐತಲ್ಲ."

ನೀಲಗಂಗವ್ವ ಹೊರಗೆ ಬಂದಳು. "ಅಕ್ಕಾರ, ನಿಮಗ ಸಂಶೆ ಇದ್ರ ಒಳಗ ಬರ್ರಿ. ಭರತ ಪೂರಾ ಸಿನಿಮಾ ಹಚ್ಚತಾನ."

"ನನಗ್ಯಾಕವ್ವಾ ಅದು? ಅಷ್ಟು ಮಂದಿ ಕಳಿಸ್ಯಾರ. ಅವ್ರೆಲ್ಲಾ ಹುಚ್ಚರೇನು?" ಎಂದು ಮುರಿಗೆವ್ವ ಎದ್ದು ಹೋದಳು. ಅಂದಿನಿಂದ ಕಲ್ಲಯ್ಯ ಚಹಾದಂಗಡಿಗೆ ಹೋಗುವುದನ್ನು ಬಿಟ್ಟ. ಮನೆಯಲ್ಲೂ ನಗಿಸಲಿಲ್ಲ.

ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ತಿರುಗಿಸಿ ಮುರುಗಿಸಿ ಹುಳುಕು ಹುಡುಕುತ್ತೇವೆ. ಹೆಣ್ಣು ಕೊಡುವಾಗ ಏಳು ಊರು ವಿಚಾರಿಸುತ್ತೇವೆ. ಮೊಬೈಲಿಗೆ ಬಂದದ್ದನ್ನು ಮಾತ್ರ ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಹಂಚುತ್ತೇವೆ. ಇದು ಹೊಸ ಮೌಢ್ಯವಲ್ಲದೆ ಮತ್ತೇನು? ಓದಿದವರೂ ಇದನ್ನೇ ಮಾಡುತ್ತಾರೆ, ನಾಚಿಕೆಯಿಲ್ಲದೆ.

ಓಟಿನ ಮುನ್ನಾದಿನ ಭರತ್ ತಾಯಿಯ ಮುಂದೆ ಮೊಬೈಲ್ ಹಿಡಿದ. ಅದೇ ಸಿನಿಮಾದಲ್ಲಿ ಬಸವರಾಜನ ಮಗಳು ಸ್ಫೂರ್ತಿ ಪುಢಾರಿಯ ಮಗಳಾಗಿ ನಟಿಸಿದ್ದಳು. ಕನ್ನಡಿಯ ಮುಂದೆ ನಿಂತು ಹೇಳುತ್ತಾಳೆ: "ರಸ್ತೆ ಬಿಲ್ಲು ಪಾಸಾತು, ನನಗ ಬಂಗಾರದ ಬಳಿ ಬಂತು." ಭರತ್ ಅಷ್ಟನ್ನೇ ಕತ್ತರಿಸಿ ಇಟ್ಟಿದ್ದ.

"ಯವ್ವಾ, ಇದನ್ನ ಬಿಟ್ರ ಮುಗೀತು. ಅವ್ರಪ್ಪ ಖರೇನ ಗುತ್ತಿಗೆದಾರ. ಎಲ್ಲಾರೂ ನಂಬ್ತಾರ."

"ನಂಬ್ತಾರ. ಅದಕ್ಕ ಬ್ಯಾಡ."

"ಅವ್ರು ಮಾಡಿದ್ದು ನಡಿತೈತಿ, ನಾವು ಮಾಡಿದ್ರ ತಪ್ಪೇನು?"

"ಆ ಹುಡುಗಿ ಏನ್ ಮಾಡ್ಯಾಳ ಭರತ? ನೀ ಬರದ್ಕೊಟ್ಟಿದ್ದು ಹೇಳ್ಯಾಳ. ಬೀಗರು ನೋಡಾಕ ಬರೋ ಹೊತ್ತು. ನಾಳೆ ಅಕಿ ಬೀದ್ಯಾಗ ಹೆಂಗ ಅಡ್ಡಾಡಬೇಕು? ನಿಮ್ಮಪ್ಪನ ಮುಖ ನೋಡಿಲ್ಲೇನು?"

"ಸೋಲ್ತಿ ನೀ. ಪೈಪು ಬರಾಂಗಿಲ್ಲ."

"ಗೊತ್ತೈತಿ," ಎಂದಳು ನೀಲಗಂಗವ್ವ. ಕೈ ಚಾಚಿ ಕುಳಿತಳು, ಮಗ ಮೊಬೈಲ್ ಕೊಡುವವರೆಗೆ. "ಎಲ್ಲಿ ಒತ್ತಬೇಕು, ತೋರಿಸು." ಅವನು ತೋರಿಸಿದ. ಅವಳೇ ಅಳಿಸಿದಳು.

ಅವಳು ಸೋತಳು. ಬಸವರಾಜನ ಮನೆಯ ಮುಂದೆ ಪಟಾಕಿ ಹೊಡೆದರು. ಮರುದಿನ ಬೆಳಿಗ್ಗೆ ಎಂದಿನಂತೆ ಅವಳು ಬೋರಿಗೆ ಹೋದಾಗ ಮುರಿಗೆವ್ವ ಅಲ್ಲಿದ್ದಳು. ಕೊಡ ತುಂಬುತ್ತ ಮುರಿಗೆವ್ವ ಮೆಲ್ಲಗೆ ಅಂದಳು:

"ತಮ್ಮ ಅಂಥಾವ ಅಲ್ಲ ಅಂತ ನನಗ ಗೊತ್ತಿತ್ತವ್ವಾ."

"ಗೊತ್ತಿದ್ದೂ ಅವ್ರಿಗೆ ಓಟು ಹಾಕಿದ್ರಿ?"

"ಎಲ್ಲಾರೂ ಹಂಗ ಅಂತಿದ್ರು. ನಾ ಒಬ್ಬಾಕೀನ 'ಅಲ್ಲ' ಅಂತ ಹೆಂಗ ಅನ್ನಲಿ?"

ನೀಲಗಂಗವ್ವ ಸಿಂಬೆ ಸರಿ ಮಾಡಿಕೊಂಡು ಕೊಡವನ್ನು ತಲೆಯ ಮೇಲಿಟ್ಟುಕೊಂಡಳು.

"ಮುಂದಿನ ಸಲ ಒಬ್ಬಾಕೀನ ಅನ್ರಿ ಅಕ್ಕಾರ," ಎಂದವಳು ದಿಬ್ಬ ಹತ್ತತೊಡಗಿದಳು.