ಗುರುಬಸವ್ವನ ಹುಬ್ಬಿನ ಕೂದಲು

ನಾನು ಒಂದು ಹುಬ್ಬಿನ ಕೂದಲು. ನಗಬೇಡಿ. ಉಕ್ಕಿನ ಕತ್ತಿಗೆ ಆಗದ ಕೆಲಸವನ್ನು ನಾನು ಮಾಡಿದ್ದೇನೆ.

ಹುಟ್ಟಿದ್ದು ಧಾರವಾಡದ ಗುರುಬಸವ್ವ ಎಂಬವರ ಎಡಹುಬ್ಬಿನಲ್ಲಿ. ಅವರಿಗೆ ಆಗ ಅರವತ್ತರ ಆಸುಪಾಸು. ಆ ಹುಬ್ಬಿಗೆ ಎಂದೂ ಕತ್ತರಿ ತಗುಲಿರಲಿಲ್ಲ, ದಾರ ತಗುಲಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವರು ಕನ್ನಡಿಯ ಮುಂದೆ ನಿಲ್ಲುವುದನ್ನೇ ಬಿಟ್ಟಿದ್ದರು. ಯಾರೂ ನೋಡದ ಜಾಗದಲ್ಲಿ ನಾನು ನನ್ನಷ್ಟಕ್ಕೆ ಬೆಳೆದೆ. ಬುಡದಲ್ಲಿ ಗಟ್ಟಿ, ಮೇಲೆ ಹೋದಂತೆ ಸಣ್ಣ, ತುದಿಯಂತೂ ಕಣ್ಣಿಗೇ ಕಾಣದಷ್ಟು ಚೂಪು.

ಸೊಸೆ ನೀಲಾಂಬಿಕಾ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಮನೆ ಅಲ್ಲೇ ಕಾಲೇಜಿನ ಕ್ವಾರ್ಟರ್ಸಿನಲ್ಲಿ. ಅತ್ತೆ-ಸೊಸೆ ಜಗಳವಾಡಿದವರಲ್ಲ, ಕೂತು ಮಾತಾಡಿದವರೂ ಅಲ್ಲ. ಬಂದವರು ಯಾರಾದರೂ, "ಸೊಸಿ ಏನು ಓದಾಕತ್ತಾಳ್ರಿ?" ಎಂದು ಕೇಳಿದರೆ ಗುರುಬಸವ್ವ, "ಕಪ್ಪಿ" ಎಂದಷ್ಟೇ ಹೇಳಿ ಒಳಗೆ ಹೋಗಿಬಿಡುತ್ತಿದ್ದರು. ಆಗ ನಾನಿದ್ದ ಹುಬ್ಬು ಗಂಟಾಗುತ್ತಿತ್ತು. ಅದು ಸಿಟ್ಟೋ, ತನಗೆ ತಿಳಿಯದ ಲೋಕವೊಂದು ಮನೆಯೊಳಗೇ ಇದೆಯೆಂಬ ಸಂಕಟವೋ, ಅಷ್ಟು ಹತ್ತಿರದಲ್ಲಿದ್ದೂ ನನಗೆ ಗೊತ್ತಾಗಲಿಲ್ಲ.

ಒಂದು ಬೆಳಿಗ್ಗೆ ನೀಲಾ ಏದುಸಿರು ಬಿಡುತ್ತ ಓಡಿ ಬಂದಳು. ಅತ್ತೆ ರೊಟ್ಟಿ ಬಡಿಯುತ್ತಿದ್ದರು.

"ಅತ್ತಿಯವರ, ನಿಮ್ಮ ಹುಬ್ಬಿನ ಕೂದಲಾ ಒಂದು ಕೊಡ್ರಿ."

"ಏನಂದಿ?"

"ಹುಬ್ಬಿನ ಕೂದಲಾ ರೀ. ಲಗೂನ."

"ನನ್ನದ್ಯಾಕ ಬೇ? ನಿನ್ನ ಹುಬ್ಬಿಗೆ ಏನಾಗೇತಿ?"

ನೀಲಾ ತಲೆ ತಗ್ಗಿಸಿದಳು. "ಮೈಸೂರಿನಿಂದ ದೊಡ್ಡ ಪ್ರೊಫೆಸರ್ ಬರತಾರಂತ ನಿನ್ನೆ ಪಾರ್ಲರಿಗೆ ಹೋಗಿ ಹುಬ್ಬು ತಿದ್ದಿಸಿಕೊಂಡೇನ್ರಿ. ಉಳಿದ ಕೂದಲದ ತುದಿ ಎಲ್ಲಾ ಕತ್ತರೀಲೆ ಮೊಂಡ ಮಾಡ್ಯಾಳ."

"ಕಪ್ಪಿ ಮುಂದ ಚೆಂದ ಕಾಣಾಕ?" ಎಂದರು ಗುರುಬಸವ್ವ. ನಗು ಬಂದಿತ್ತು, ಹುಬ್ಬು ಕುಣಿದದ್ದು ನನಗೆ ಗೊತ್ತಾಯಿತು. ಆದರೆ ಸೊಸೆಯ ಕಣ್ಣಲ್ಲಿ ನೀರು ಕಂಡು ಹಿಟ್ಟಿನ ಕೈ ಒರೆಸಿಕೊಂಡರು. "ಮೊದಲ ಕೂಡು. ಏನಾತು, ನನಗ ತಿಳಿಯೂ ಹಂಗ ಹೇಳು."

ಆ ಮನೆಗೆ ಬಂದು ನಾಲ್ಕು ವರ್ಷವಾದರೂ ನೀಲಾ ಅಂದೇ ಮೊದಲ ಸಲ ತನ್ನ ಕೆಲಸವನ್ನು ಅತ್ತೆಗೆ ಹೇಳಿದ್ದು.

ಕಪ್ಪೆಯ ಮೊಟ್ಟೆ ಬೆಳೆಯತೊಡಗಿದಾಗ ಸಾಸಿವೆಗಿಂತ ತುಸು ಚಿಕ್ಕದೊಂದು ಚೆಂಡು. ಮೇಲೆ ಕಪ್ಪು ಟೋಪಿ, ಕೆಳಗೆ ಬಿಳಿ ಭಾಗ, ಮಧ್ಯದಲ್ಲಿ ಒಂದು ಪಟ್ಟಿ. ಕಪ್ಪು ಟೋಪಿಯನ್ನು ಬಿಡಿಸಿ ಬೇರೆ ಇಟ್ಟರೆ ಅದು ಬರೀ ಚರ್ಮವಾಗುತ್ತದೆ. ಬಿಳಿಯದರ ಜೊತೆ ಇಟ್ಟರೆ ಮಾತ್ರ ಸ್ನಾಯುವಾಗುತ್ತದೆ. ಬಿಳಿ ಭಾಗ ಒಂದು ರಾಸಾಯನಿಕವನ್ನು ಹೊರಬಿಡುತ್ತದೆ, ಅದು ಟೋಪಿಗೆ ಮುಟ್ಟಿಸುವ ಸುದ್ದಿ: ನೀನು ಚರ್ಮವಾಗಬೇಡ, ಮಾಂಸವಾಗು. ಮುಂದೆ ಹೃದಯ, ಮೂತ್ರಪಿಂಡ, ಕಣ್ಣು ಎಲ್ಲವೂ ಇಂಥ ಸುದ್ದಿಗಳಿಂದಲೇ ರೂಪುಗೊಳ್ಳುತ್ತವೆ. ನೀಲಾ ಎರಡರ ಮಧ್ಯೆ ಸಣ್ಣ ಸಣ್ಣ ತೂತುಗಳಿರುವ ತೆಳು ಹಾಳೆ ಇಟ್ಟಿದ್ದಳು. ಒಂದನ್ನೊಂದು ಮುಟ್ಟದಿದ್ದರೂ ಸುದ್ದಿ ದಾಟಿತ್ತು, ಟೋಪಿ ಸ್ನಾಯುವಾಗಿತ್ತು.

"ಅಂದ ಮ್ಯಾಲೆ ಮುಗೀತಲ್ಲ?"

"ಪ್ರಬಂಧ ನೋಡಾಕ ಬಂದ ಪ್ರೊಫೆಸರ್ ಒಪ್ಪವಲ್ಲರು. ನೀ ಟೋಪಿ ಕತ್ತರಿಸುವಾಗ ಮಧ್ಯದ ಪಟ್ಟಿನೂ ಕೂಡೇ ಬಂದಿರಬೇಕು, ಆ ಪಟ್ಟಿ ತಾನಾಗೇ ಸ್ನಾಯು ಆಗತೈತಿ, ಸುದ್ದಿ ಗಿದ್ದಿ ಏನೂ ಇಲ್ಲ ಅಂತಾರ. ನನ್ನ ಕಣ್ಣ ಮುಂದ ಮತ್ತೊಮ್ಮೆ ಕತ್ತರಿಸಿ ತೋರಸು ಅಂದರು. ಇಲ್ಲಾಂದ್ರ ಪ್ರಬಂಧ ತಿರುಗಿ ಕಳಸ್ತಾರ. ನಾಲ್ಕು ವರ್ಷದ್ದು ಎಲ್ಲಾ ನೀರಾಗ ಹೋಗತೈತ್ರಿ."

ಅಷ್ಟು ಮೃದುವಾದ ಭ್ರೂಣವನ್ನು ಲೋಹದಲ್ಲಿ ಕತ್ತರಿಸಿದರೆ ಹರಿದುಹೋಗುತ್ತದೆ. ಆ ಕೆಲಸದವರು ಹುಬ್ಬಿನ ಕೂದಲನ್ನೇ ಚಾಕು ಮಾಡಿಕೊಳ್ಳುತ್ತಾರೆ. ನೀಲಾ ತನ್ನ ಹುಬ್ಬಿನದೇ ಎರಡು ಮಾಡಿಟ್ಟಿದ್ದಳು. ಪ್ರೊಫೆಸರ್ ಶೇಷಗಿರಿ ಬೆಳಿಗ್ಗೆ ಬಂದವರೇ, ಉಪಕರಣ ಶುಚಿಯಾಗಿರಲಿ ಎಂದು, ಲೋಹದ ಸೂಜಿಯನ್ನು ಹಿಡಿಯುವ ಹಳೆಯ ಅಭ್ಯಾಸದಲ್ಲಿ ಎರಡನ್ನೂ ಸ್ಪಿರಿಟ್ ದೀಪದ ಉರಿಗೆ ಹಿಡಿದರು. ಚುರ್ ಎಂದಿತಂತೆ, ವಾಸನೆ ಬಂತಂತೆ. ಕೂದಲು ಸುಟ್ಟಿತ್ತು.

"ದೊಡ್ಡ ಪ್ರೊಫೆಸರ್ ಅಂದಿ!" ಎಂದರು ಗುರುಬಸವ್ವ.

"ಪಾಪ, ಅವರಿಗೂ ಬಾಳ ಬ್ಯಾಸರ ಆತು ರೀ. ಆದರ ಭ್ರೂಣ ಕಾಯೂದಿಲ್ಲಲ್ಲ. ಮಧ್ಯಾಹ್ನದೊಳಗ ಕತ್ತರಿಸಬೇಕು, ಆಮ್ಯಾಲೆ ಹೊತ್ತು ಮೀರತೈತಿ. ಅವರಿಗೆ ಸಂಜಿ ಗಾಡಿ ಐತಿ."

ಗುರುಬಸವ್ವ ಕಿಟಕಿಯ ಬೆಳಕಿಗೆ ಮುಖ ಒಡ್ಡಿ ಕೂತರು. ನೀಲಾ ಅವರ ಗಲ್ಲ ಹಿಡಿದು ಹುಬ್ಬನ್ನು ನೋಡಿದಳು. ಎಷ್ಟೋ ವರ್ಷಗಳ ಮೇಲೆ ಒಬ್ಬರು ಆ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು. ಇಬ್ಬರೂ ಉಸಿರು ಹಿಡಿದಿದ್ದರು. ಚಿಮಟ ನನ್ನ ಬುಡ ಹಿಡಿಯಿತು.

"ಹಾಂ!" ಎಂದರು ಗುರುಬಸವ್ವ. "ಸಾಕೇನು? ಇನ್ನೊಂದು ತಗೋ ಬೇಕಾದರ."

"ಇದೊಂದ ಸಾಕು. ಇಂಥಾ ತುದಿ ನಾ ನೋಡೇ ಇಲ್ರಿ."

ಆ ಮಾತು ಕೇಳಿ ನನಗಾದ ಹೆಮ್ಮೆಯನ್ನು ನಾನು ಮುಚ್ಚಿಡುವುದಿಲ್ಲ.

ಪ್ರಯೋಗಾಲಯದಲ್ಲಿ ನೀಲಾ ಗಾಜಿನ ನಳಿಗೆಯೊಂದನ್ನು ಉರಿಯಲ್ಲಿ ಕಾಯಿಸಿ ಎಳೆದು ಸಣ್ಣ ಮಾಡಿದಳು. ಅದು ಆರಿದ ಮೇಲೆ ನನ್ನ ಬುಡವನ್ನು ಅದರೊಳಗೆ ಸೇರಿಸಿ ಕರಗಿದ ಮೇಣದಿಂದ ಭದ್ರಪಡಿಸಿ, ಸ್ಪಿರಿಟ್ಟಿನಲ್ಲಿ ಅದ್ದಿ ತೊಳೆದಳು. ಗಾಜು ನನ್ನ ಹಿಡಿಯಾಯಿತು, ನಾನು ಅಲಗಾದೆ.

ಪ್ರೊಫೆಸರ್ ಶೇಷಗಿರಿ ಸೂಕ್ಷ್ಮದರ್ಶಕದಲ್ಲಿ ಇನ್ನೊಬ್ಬರು ನೋಡಲೆಂದಿದ್ದ ಎರಡನೆಯ ಕೊಳವೆಗೆ ಕಣ್ಣಿಟ್ಟು ಕೂತರು. "ನೋಡಮ್ಮ, ನಾನು ತಪ್ಪು ಹುಡುಕೋದಕ್ಕೇ ಕೂತಿದೀನಿ. ಬೇಜಾರು ಮಾಡ್ಕೋಬೇಡ."

"ಹುಡುಕ್ರಿ ಸರ್. ಸಿಕ್ಕರ ಹೇಳ್ರಿ."

ನೀರಿನೊಳಗೆ ಇಳಿದೆ. ಕೆಳಗೆ ಆ ಚೆಂಡು ಹೊಳೆಯುತ್ತಿತ್ತು. ನೀಲಾ ಮುಂಗೈಯನ್ನು ಮೇಜಿನ ಮೇಲೆ ಊರಿ, ಒಂದು ಉಸಿರು ಹೊರಬಿಟ್ಟಳು. ಟೋಪಿಯ ನೆತ್ತಿಯ ಬಳಿ, ಪಟ್ಟಿಯಿಂದ ಸಾಕಷ್ಟು ಮೇಲೆಯೇ, ನನ್ನನ್ನು ಒಳಗೆ ತೂರಿಸಿ ಹೊರಕ್ಕೆ ಚಿಮ್ಮಿದಳು. ಒಂದು ಗೀರು. ಮತ್ತೊಂದು ಕಡೆಯಿಂದ ಇನ್ನೊಂದು. ಕಪ್ಪು ಚೂರು ಅಂಚೂ ಹರಿಯದೆ ಬಿಡಿಸಿಕೊಂಡು ಬಂತು.

"ತಿರುಗಿಸು," ಎಂದರು ಪ್ರೊಫೆಸರ್. ತಿರುಗಿಸಿದಳು. ಒಳಮೈ ನೋಡಿದರು, ಅಂಚನ್ನು ಸುತ್ತಲೂ ನೋಡಿದರು.

"ಪಟ್ಟಿ ಇಲ್ಲ," ಎಂದರು. "ಒಂದು ಕೋಶವೂ ಇಲ್ಲ. ಮುಂದೆ ಮಾಡು."

ಅಂಥ ಚೂರುಗಳಲ್ಲಿ ಕೆಲವನ್ನು ಒಂಟಿಯಾಗಿ ಬಿಟ್ಟರು, ಕೆಲವನ್ನು ತೆಳು ಹಾಳೆಯ ಮೇಲಿಟ್ಟು ಹಾಳೆಯ ಕೆಳಗೆ ಬಿಳಿ ಭಾಗವನ್ನಿಟ್ಟರು. ಪ್ರೊಫೆಸರ್ ಸಂಜೆಯ ಗಾಡಿ ಹತ್ತಲಿಲ್ಲ.

ಮರುದಿನ ಒಂಟಿ ಚೂರುಗಳು ಗುಂಡಗೆ ಮುದುಡಿ, ಮೈಮೇಲಿನ ಸಣ್ಣ ರೋಮಗಳ ಬಲದಿಂದ ನೀರಿನಲ್ಲಿ ಸುಮ್ಮನೆ ಗಿರಗಿರ ತಿರುಗುತ್ತಿದ್ದವು. ಬರೀ ಚರ್ಮ. ಸುದ್ದಿ ಕೇಳಿಸಿಕೊಂಡ ಚೂರುಗಳು ಉದ್ದಕ್ಕೆ ಚಾಚಿಕೊಂಡಿದ್ದವು. ಅದಾದ ಒಂದೆರಡು ದಿನಕ್ಕೆ ಅವುಗಳಲ್ಲೊಂದು ಸೆಟೆದು, ಸಡಿಲವಾಗಿ, ಮತ್ತೆ ಸೆಟೆಯಿತು. ಪ್ರೊಫೆಸರ್ ಶೇಷಗಿರಿ ಕನ್ನಡಕ ತೆಗೆದು ಒರೆಸಿಕೊಂಡರು.

"ನಾನು ಸೋತೆ ಕಣಮ್ಮ. ಇಷ್ಟು ಸಂತೋಷದಿಂದ ಸೋತದ್ದು ನೆನಪಿಲ್ಲ. ಪ್ರಬಂಧಕ್ಕೆ ಸಹಿ ಹಾಕ್ತೀನಿ."

ನೀಲಾ ಮನೆಗೆ ಹೋಗಿ ಅತ್ತೆಯನ್ನು ಕರೆತಂದಳು. ಗುರುಬಸವ್ವ ಸೆರಗು ಬಿಗಿದುಕೊಂಡು, ಸ್ಟೂಲಿನ ಮೇಲೆ ಹತ್ತಿ ಕೂತು, ಒಂದು ಕಣ್ಣು ಮುಚ್ಚಿ ನೋಡಿದರು.

"ಅಯ್ಯ, ಒದೀತೈತಲ್ಲ ಇದು! ಹೊಟ್ಟ್ಯಾಗಿನ ಕೂಸಿನಂಗ!" ತಲೆ ಎತ್ತಲೇ ಇಲ್ಲ. ಹಾಗೇ ನೋಡುತ್ತಲೇ ಕೇಳಿದರು: "ನಮ್ಮನ್ನೂ ಹಿಂಗ ಯಾರೋ ಹೇಳಿ ಮಾಡಿದ್ದೇನ ನೀಲಾ?"

"ಹೂಂ ರೀ. ನಿಮ್ಮನ್ನೂ, ನನ್ನನ್ನೂ."

ಆಮೇಲೆ ಬಂದವರು ಸೊಸೆಯ ವಿಷಯ ಕೇಳಿದರೆ ಗುರುಬಸವ್ವ ಒಳಗೆ ಹೋಗುತ್ತಿರಲಿಲ್ಲವಂತೆ. ಚಹಾ ಆರಿಹೋಗುವ ತನಕ ಹೇಳುತ್ತಿದ್ದರಂತೆ, ನಡುನಡುವೆ ಎಡಹುಬ್ಬು ಮುಟ್ಟಿ ತೋರಿಸುತ್ತ.

ನಾನು ನೀಲಾ ಮೇಡಂ ಕೈಯಲ್ಲಿ ವರ್ಷಗಟ್ಟಲೆ ದುಡಿದೆ. ಅವರ ವಿದ್ಯಾರ್ಥಿನಿ ಫರ್ಹಾನಾಳ ಕೈಗೂ ಹೋದೆ. ಭ್ರೂಣದಲ್ಲಿ ಕಣ್ಣಾಗಲಿರುವ ಬಟ್ಟಲಿನಂಥ ಭಾಗ ತನ್ನ ಮೇಲಿನ ಚರ್ಮಕ್ಕೆ ಮಸೂರವಾಗು ಎಂದು ಸುದ್ದಿ ಕಳಿಸುವುದನ್ನು ಅವಳು ನೋಡಿದ್ದು ನಾನು ಬಿಡಿಸಿಕೊಟ್ಟ ಚೂರುಗಳಲ್ಲೇ. ನಾನು ಯಾವ ಅಂಗವನ್ನೂ ಮಾಡಿದವನಲ್ಲ. ಯಾರು ಹೇಳಿದರು, ಯಾರು ಕೇಳಿದರು ಎಂಬುದು ಕಲಸಿಹೋಗದಂತೆ ಬೇರ್ಪಡಿಸಿದೆ, ಅಷ್ಟೆ. ಆ ಅಷ್ಟು ಕೆಲಸವನ್ನು ನನ್ನಷ್ಟು ಚೊಕ್ಕಟವಾಗಿ ಮಾಡಿದವರನ್ನು ನಾನು ಕಂಡಿಲ್ಲ.

ಈಗ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ, ಹತ್ತಿಯ ಮೇಲೆ ಮಲಗಿರುತ್ತೇನೆ. ಹೊರತೆಗೆಯುವುದು ಅಪರೂಪ.

ಗುರುಬಸವ್ವ ಹೋದ ವರ್ಷ ತೀರಿಕೊಂಡರು. ಅವರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರಂತೆ. ಅಂದರೆ ಆ ದೇಹದಲ್ಲಿ ಮಣ್ಣಿನ ಮೇಲೆ ಉಳಿದದ್ದು ನಾನೊಬ್ಬನೇ.

ಕ್ರಿಯೆ ಮುಗಿದು ಕೆಲಸಕ್ಕೆ ಮರಳಿದ ದಿನ ಮೇಡಂ ಪೆಟ್ಟಿಗೆ ತೆರೆದರು. ಫರ್ಹಾನಾ ಬಾಗಿಲಲ್ಲೇ ನಿಂತಳು. "ಮೇಡಂ, ಅದನ್ನ ತೆಗದಿಡ್ರಿ, ಮುರದು ಗಿರದು ಹೋದೀತು. ನಾ ಹೊಸದು ಮಾಡಿಕೊಡ್ತೇನ್ರಿ."

ಮೇಡಂ ನನ್ನನ್ನು ಬೆಳಕಿಗೆ ಹಿಡಿದು ತುದಿ ನೋಡಿದರು.

"ಬ್ಯಾಡವಾ. ಇನ್ನೂ ಚೂಪ ಐತಿ," ಎಂದು ಸೂಕ್ಷ್ಮದರ್ಶಕದ ದೀಪ ಹಚ್ಚಿದರು.