ಮದುವೆ ಶಾಲಿನ ನಾಲ್ಕನೆಯ ಮೂಲೆ

ನಮ್ಮ ಮನೆಯ ಕಿಟಕಿಯಲ್ಲಿ ಕೂತು, ದಾಲ್ ಸರೋವರದ ಆಚೆ ದಡದ ನೊಣ ಯಾವ ಕಾಲಿನಿಂದ ಮೂತಿ ಒರೆಸಿಕೊಳ್ಳುತ್ತಿದೆ ಎಂದು ಹೇಳಬಲ್ಲವನು ನಾನು. ಶ್ರೀನಗರದಲ್ಲಿ ಸೋನಾವುಲ್ಲಾ ಉಸ್ತಾದನ ಕಣ್ಣೆಂದರೆ ಹಾಗೆ. ನಾನು ಕಸೂತಿ ಹಾಕಿದ ಶಾಲಿನ ಮೇಲೆ ದುಂಬಿಗಳು ಕೂತು, ಜೇನು ಸಿಗದೆ ನನ್ನನ್ನು ಬೈದು ಹೋದದ್ದುಂಟು.

ಇಂಥ ನನಗೆ ಈ ಚಳಿಗಾಲ ದ್ರೋಹವಾಯಿತು. ಮಾಡಿದವರು ಇಬ್ಬರು: ಹೆಂಡತಿ ಜೂನಾ, ಮತ್ತು ನಾನೇ ಸೂಜಿ ಹಿಡಿಯಲು ಕಲಿಸಿದ ಖಜೀರ್.

ಕೈಯಲ್ಲಿದ್ದದ್ದು ಒಂದು ಮದುವೆ ಶಾಲು. ಮೂರು ಮೂಲೆ ಮುಗಿದಿತ್ತು. ಹಿಮ ಕರಗುವುದರೊಳಗೆ ನಾಲ್ಕನೆಯದು ಮುಗಿಯದಿದ್ದರೆ ಕೆಲಸ ಕೊಟ್ಟ ವ್ಯಾಪಾರಿ ಅದನ್ನು ಬೇರೆಯವರಿಗೆ ಒಪ್ಪಿಸುವವನಿದ್ದ. ಒಬ್ಬನ ಶಾಲನ್ನು ಇನ್ನೊಬ್ಬ ಮುಗಿಸಿದನೆಂದು ಗೊತ್ತಾದರೆ, ನಮ್ಮ ಓಣಿಯಲ್ಲಿ ಆ ಮೊದಲನೆಯವನನ್ನು ಯಾರೂ ಮತ್ತೆ ಉಸ್ತಾದ್ ಎನ್ನುವುದಿಲ್ಲ.

ಹಾಗಾಗಿ ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಬಡಿದು, ಬುಖಾರಿ ಒಲೆಯ ಪಕ್ಕದಲ್ಲೇ ಠಿಕಾಣಿ ಹೂಡಿದೆ. ಕೋಣೆ ಎಷ್ಟು ಕಾಯಿತೆಂದರೆ, ಅಂಗಳದ ಬಾದಾಮಿ ಮರ ವಸಂತ ಬಂತೆಂದು ಮೋಸಹೋಗಿ ಮೊಗ್ಗು ಬಿಟ್ಟಿತು. ಒಲೆಯ ಮೇಲೆ ಜೂನಾ ಇಡುವ ನೀರಿನ ಪಾತ್ರೆ ಕಾವನ್ನೆಲ್ಲ ಕುಡಿಯುತ್ತದೆಂದು ಅದನ್ನೂ ಇಳಿಸಿದೆ.

ಸ್ವಲ್ಪ ದಿನದಲ್ಲೇ ಕಣ್ಣಿಗೆ ಮರಳೆರಚಿದ ಹಾಗಾಯಿತು. ಉರಿ. ಆಮೇಲೆ ನೀರು, ಝೇಲಂಗೆ ಪ್ರವಾಹ ಬರುವಷ್ಟು. ಡಾಕ್ಟರು ದೀಪ ಹಿಡಿದು ನೋಡಿ, ಕಣ್ಣು ಒಣಗಿದೆ ಎಂದರು. ಸುರಿಯುವ ಕಣ್ಣು ಒಣಗುವುದು ಹೇಗೆ ಎಂದು ನಾನು ನಕ್ಕೆ. ಮುಚ್ಚಿದ ಕೋಣೆಯಲ್ಲಿ ಕಾದ ಒಣಗಾಳಿ ಕಣ್ಣಿನ ಪಸೆಯನ್ನು ಹೀರುತ್ತದೆ, ರೆಪ್ಪೆ ಬಡಿಯದೆ ಸೂಜಿಯನ್ನೇ ನೋಡುತ್ತ ಕೂತರೆ ಇನ್ನೂ ಬೇಗ, ಆ ಉರಿ ತಾಳದೆಯೇ ಕಣ್ಣು ನೀರು ಸುರಿಸುವುದು ಎಂದು ಅವರು ಬಿಡಿಸಿ ಹೇಳಿದರು. ಹನಿ ಹಾಕಿಕೊಳ್ಳಿ, ಒಲೆಯಿಂದ ದೂರ ಕೂರಿ, ನೀರಿನ ಪಾತ್ರೆ ಮತ್ತೆ ಇಡಿ, ಕೆಲಕಾಲ ಸೂಜಿ ಮುಟ್ಟಬೇಡಿ ಎಂದರು. ಮನೆಗೆ ಬಂದು ನಾನು ಹೇಳಿದ್ದು ಇಷ್ಟೇ: ಇಂಥ ಕಣ್ಣನ್ನು ಡಾಕ್ಟರು ಹುಟ್ಟಿದಾಗಿನಿಂದ ನೋಡಿಲ್ಲವಂತೆ.

ಒಂದು ಬೆಳಿಗ್ಗೆ ಎದ್ದರೆ ಶಾಲು ಇಲ್ಲ. ಜೂನಾ ಅದನ್ನು ಫೆರನ್ ನಿಲುವಂಗಿಯೊಳಗೆ ಅಡಗಿಸಿ ಖಜೀರನಿಗೆ ಕೊಟ್ಟು ಬಂದಿದ್ದಳು. ಕೇಳಿದರೆ, ಹೌದು ಎಂದಳು, ಅಷ್ಟೇ. ಮದುವೆಯಾದಾಗಿನಿಂದ ನಮ್ಮ ಕಾಶ್ಮೀರದ ಉಪ್ಪು ಚಹಾಕ್ಕೆ ಉಪ್ಪು ಎಷ್ಟೆಂದು ಕೇಳದೆ ಹಾಕಿದವಳು, ನನ್ನನ್ನು ಕೇಳದೆ ನನ್ನ ಹೆಸರನ್ನೇ ಕೊಟ್ಟುಬಿಟ್ಟಿದ್ದಳು. ಎದೆಯೊಳಗೆ ಏನೋ ಕುಸಿಯಿತು. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.

ನೇರ ರೊಟ್ಟಿ ಅಂಗಡಿಗೆ ನಡೆದೆ. ಬೆಳಿಗ್ಗೆ ಇಡೀ ಓಣಿ ಅಲ್ಲೇ ಇರುತ್ತದೆ. ಖಜೀರನೂ ಇದ್ದ. ಎಲ್ಲರಿಗೂ ಕೇಳುವಂತೆ ಅವನ ಕಳ್ಳತನವನ್ನು ಬಣ್ಣಿಸಿದೆ.

“ಒಂದೇ ಒಂದು ಹೂ ಬಾಕಿ ಇತ್ತು ಕಣ್ರಯ್ಯಾ,” ಎಂದೆ. “ಅಷ್ಟಕ್ಕೂ ಕಾಯಲಿಲ್ಲ ಇವನು.”

ಎಲ್ಲರೂ ಅವನನ್ನು ದುರುಗುಟ್ಟಿ ನೋಡಿದರು. ಅವನು ತಲೆ ಬಗ್ಗಿಸಿ ನಿಂತ. ಅಷ್ಟರಲ್ಲಿ ನನ್ನ ಹಿಂದೆಯೇ ಓಡಿಬಂದ ಜೂನಾ ಏದುಸಿರು ಬಿಡುತ್ತ ನಿಂತಳು. ಮಗಳ ಹೆಸರು ಹಿಡಿದೇ ಅವಳು ನನ್ನನ್ನು ಕರೆಯುವುದು.

“ರೂಹಿ ಅಪ್ಪಾ, ಸಾಕು. ಉಸ್ತಾದರ ಹೆಸರಲ್ಲೇ ಮುಗಿಸಿಕೊಡು, ಯಾರಿಗೂ ಹೇಳ್ಬೇಡ ಅಂತ ಖಜೀರನಿಗೆ ನಾನೇ ಕೊಟ್ಟಿದ್ದು. ಅವನು ಹೇಳಲಿಲ್ಲ. ನೀವೇ ಊರಿಗೆಲ್ಲ ಸಾರಿದ್ರಿ.”

“ಒಂದು ಹೂವಿಗೆ ಅವನ್ಯಾಕೆ ಬೇಕಿತ್ತೇ?”

“ಆ ಮೂಲೇಲಿ ನೀವು ಹಾಕಿದ ಹೂ ಎಷ್ಟು, ಹೇಳಿ ನೋಡೋಣ.”

ರೊಟ್ಟಿಯವನೂ ಕೈ ನಿಲ್ಲಿಸಿದ. ಒಂದು ಸೊಗಸಾದ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಜೂನಾಳ ಕಣ್ಣಲ್ಲೂ ನೀರಿತ್ತು, ಅದು ಒಲೆಯ ಕಾವಿನದ್ದಲ್ಲ.

“ಒಂದೂ ಇಲ್ಲ,” ಎಂದೆ. “ಸೂಜಿ ಕಣ್ಣೇ ಕಾಣ್ತಿರ್ಲಿಲ್ಲ. ದಾರ ಪೋಣಿಸಿಕೊಡು ಅಂತ ಕೇಳೋಕೆ ನಾಚಿಕೆ. ಅಷ್ಟು ದಿನವೂ ಬರೀ ಸೂಜಿ ಆಡಿಸ್ತಾ ಕೂತಿದ್ದೆ.”